ಗುಮ್ಮ, ರಕ್ಕಸ, ಅನ್ಯಗ್ರಹದ ಕೂಸು: ನಾಲ್ಕು ಚಿತ್ರಪುಸ್ತಕಗಳ ಹೋಲಿಕೆ

ಶಿರಸಿಯಲ್ಲಿ ಹೋಳಿ ಹೊತ್ತಿಗೆ ಬೀದಿಯಲ್ಲಿ ಅಬ್ಬರಿಸಿ ಕುಣಿಯುವ ಬೇಡರ ವೇಷ ಕಂಡು ಅತ್ತ ಮಗು, ಬಯಲಾಟದ ರಕ್ಕಸನ ಅಬ್ಬರ ಕೇಳಿ ಅಮ್ಮನ ಸೆರಗಿನೊಳಗೆ ಸೇರಿದ ಮಗು: ಇಂಥವರಿಗೆ ಗುಮ್ಮನ ಪುಸ್ತಕ ಓದಬಹುದೇ ಎಂದು ತಂದೆತಾಯಿ ಕೇಳುತ್ತಾರೆ. ಧಾರಾಳವಾಗಿ ಓದಬಹುದು, ಆದರೆ ಪುಸ್ತಕ ಆರಿಸಿಕೊಳ್ಳಬೇಕು. ಚಿತ್ರ ಎಷ್ಟು ಭಯಂಕರ ಎಂದು ನೋಡುವ ಮೊದಲು, ಆ ರಕ್ಕಸ ಮಗುವಿನ ಮಾತಿಗೆ ಬಗ್ಗುತ್ತಾನೆಯೇ ಎಂದು ನೋಡಿ. ಮೂರರಿಂದ ಆರು ವರ್ಷದ ಮಕ್ಕಳಿಗೆ ಓದಿ ನಾವು ಹೋಲಿಸಿದ ನಾಲ್ಕೂ ಇಂಗ್ಲಿಷ್ ಪುಸ್ತಕಗಳು. ಚಿತ್ರ ತೋರಿಸುತ್ತ ಕತೆಯನ್ನು ಕನ್ನಡದಲ್ಲೇ ಹೇಳಿದ್ದು.

ಮೂರು ವರ್ಷದವರಿಗೆ ಎಡ್ ಎಂಬರ್ಲಿಯ 'ಗೋ ಅವೇ, ಬಿಗ್ ಗ್ರೀನ್ ಮಾನ್‌ಸ್ಟರ್!' (1992) ಮುಂದೆ ಉಳಿದ ಮೂರೂ ನಿಲ್ಲುವುದಿಲ್ಲ. ಕತ್ತರಿಸಿದ ಪುಟಗಳ ತೂತಿನಲ್ಲಿ ಮೊದಲು ಕಾಣುವುದು ಎರಡು ಹಳದಿ ಕಣ್ಣು. ಪುಟ ತಿರುವಿದಂತೆ ಮೂಗು, ಚೂಪು ಹಲ್ಲಿನ ಕೆಂಪು ಬಾಯಿ, ಕಿವಿ, ನೇರಳೆ ಕೂದಲು, ಕಡೆಗೆ ಇಡೀ ಹಸಿರು ಮುಖ. ನಡುವಿನಿಂದಾಚೆ 'ನಿಂಗೆ ನಾ ಹೆದರೂದಿಲ್ಲ, ಹೋಗು' ಅಂದರೆ ಒಂದೊಂದೇ ಅಂಗ ಮಾಯವಾಗುತ್ತದೆ. ಆ 'ಹೋಗು' ಮಗುವಿನ ಬಾಯಿಂದಲೇ ಬರಬೇಕು, ಪುಟವನ್ನೂ ಅದೇ ತಿರುವಬೇಕು. ದೊಡ್ಡವರು ಗಡಿಬಿಡಿಯಲ್ಲಿ ಎರಡು ಪುಟ ಒಟ್ಟಿಗೆ ಮಗುಚಿದರೆ ಇಡೀ ಆಟವೇ ಕೆಡುತ್ತದೆ. ಇದರ ದೊಡ್ಡ ತೊಂದರೆ ಹರಿಯುವುದು. ತೂತಿಗೆ ಬೆರಳು ತೂರಿಸಿ ಎಳೆಯದ ಮಗುವಿಲ್ಲ, ಎರಡು ತೂತಿನ ನಡುವಿನ ಸಣ್ಣ ಪಟ್ಟಿಯೇ ಮೊದಲು ಹೋಗುತ್ತದೆ. ಕಾರವಾರ, ಅಂಕೋಲೆಯ ಮಳೆಗಾಲದ ಥಂಡಿಗೆ ಪುಟ ಸುರುಳಿ ಹೊಡೆದರೆ ತೂತುಗಳು ಒಂದರ ಮೇಲೊಂದು ಸರಿಯಾಗಿ ಕೂರುವುದಿಲ್ಲ. ಓದಿದ ಮೇಲೆ ಭಾರದ ಪುಸ್ತಕದ ಅಡಿಯಲ್ಲಿ ಇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಟ್ಟಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ, ಚಪ್ಪಲಿ ಪೆಟ್ಟಿಗೆಯಲ್ಲಿ ಬರುವ ಸಿಲಿಕಾ ಪೊಟ್ಟಣ ಹಾಕಿಟ್ಟರೆ ಬೂಸ್ಟು ಬರುವುದು ಕಡಿಮೆ. ಆ ಪೊಟ್ಟಣ ಮಾತ್ರ ಮಕ್ಕಳ ಕೈಗೆ ಸಿಗಬಾರದು.

'ದ ಗ್ರಫಲೋ' (1999, ಬರಹ ಜೂಲಿಯಾ ಡೊನಾಲ್ಡ್‌ಸನ್, ಚಿತ್ರ ಅಕ್ಸೆಲ್ ಶೆಫ್ಲರ್) ನಾಲ್ಕು ದಾಟಿದವರಿಗೆ. ಕಾಡಿನಲ್ಲಿ ಹೊರಟ ಇಲಿ ನರಿ, ಗೂಬೆ, ಹಾವುಗಳನ್ನು ಇಲ್ಲದ ಪ್ರಾಣಿಯ ಹೆಸರು ಹೇಳಿ ಓಡಿಸುತ್ತದೆ, ಆಮೇಲೆ ಆ ಪ್ರಾಣಿಯೇ ಎದುರು ಬಂದು ನಿಲ್ಲುತ್ತದೆ. ಕೋರೆ, ಉಗುರು, ಹಲ್ಲು ಬಿಡಿಬಿಡಿಯಾಗಿ ಮೊದಲೇ ಕಂಡು, ಇಡೀ ದೇಹ ತಡವಾಗಿ ಬರುತ್ತದೆ. ಬಯಲಾಟದಲ್ಲಿ ತೆರೆಯ ಹಿಂದೆ ಕುಣಿಯುತ್ತ ತುಸುತುಸುವೇ ಮುಖ ತೋರಿಸುವ ರಕ್ಕಸ ವೇಷದ ಹಾಗೆ. ಹಾಗಾಗಿ ನಮ್ಮ ಕರಾವಳಿಯ ಮಕ್ಕಳು ಇದಕ್ಕೆ ಬೇಗ ಒಗ್ಗುತ್ತಾರೆ. ತೊಡಕಿರುವುದು ಪ್ರಾಸದಲ್ಲಿ. ಸಾಲುಸಾಲಿಗೂ ಕನ್ನಡದ ಪ್ರಾಸ ಹುಡುಕಲು ಹೋದರೆ ಕತೆ ಕುಂಟುತ್ತದೆ. ಪ್ರಾಸ ಬಿಟ್ಟು, ಪ್ರತಿ ಪ್ರಾಣಿ ಓಡುವಾಗಲೂ ಒಂದೇ ಸಾಲು ಹೇಳಿ: 'ಓಡಿತು ಓಡಿತು, ತಿರುಗಿ ನೋಡದೆ ಓಡಿತು.' ಎರಡನೇ ಅರ್ಧದಲ್ಲಿ ಹಾವು, ಗೂಬೆ, ನರಿ ತಿರುಗಾಮುರುಗಾ ಬರುತ್ತವೆ. ಅಲ್ಲಿ ನಿಲ್ಲಿಸಿ 'ಮುಂದೆ ಯಾರು?' ಎಂದು ಕೇಳಿ. ಮೂರು ವರ್ಷದವರಿಗೆ ಇದು ಉದ್ದವಾಯಿತು, ನಡುವೆ ಎದ್ದು ಹೋಗುತ್ತಾರೆ.

ಮೊರಿಸ್ ಸೆಂಡಾಕ್‌ನ 'ವೇರ್ ದ ವೈಲ್ಡ್ ಥಿಂಗ್ಸ್ ಆರ್' (1963) ಬಗ್ಗೆ ಹೆಚ್ಚು ಹೇಳಬೇಕಿಲ್ಲ, ಅಮೆರಿಕದಲ್ಲಿ ಚಿತ್ರಪುಸ್ತಕಗಳಿಗೆ ಕೊಡುವ ಕ್ಯಾಲ್ಡೆಕಾಟ್ ಪದಕವನ್ನು 1964ರಲ್ಲಿ ಪಡೆದ ಪುಸ್ತಕ ಅದು. ಅಮ್ಮನ ಸಿಟ್ಟಿಗೆ ಗುರಿಯಾದ ತುಂಟ ಹುಡುಗನೊಬ್ಬ ಕಾಡುಮೃಗಗಳ ನಾಡಿಗೆ ಹೋಗಿ, ಅವುಗಳ ಜೊತೆ ಕುಣಿದು ಮನೆಗೆ ಮರಳುವ ಕತೆ. ಚಿತ್ರ ಚಿಕ್ಕದಾಗಿ ಶುರುವಾಗಿ ಪುಟಪುಟಕ್ಕೂ ಬೆಳೆದು, ನಡುವೆ ಮೂರು ಜೋಡಿಪುಟಗಳಲ್ಲಿ ಅಕ್ಷರವೇ ಇಲ್ಲದೆ ಕುಣಿತ ತುಂಬುತ್ತದೆ. ಅಲ್ಲಿ ಓದುವವರು ವಿವರಣೆ ಕೊಡಬಾರದು, ಮಕ್ಕಳೇ ಗದ್ದಲ ಮಾಡಲಿ. ಅಂಗನವಾಡಿಯ ಗುಂಪಿಗೆ ಇದೇ ಸರಿ. ಐದು ವರ್ಷಕ್ಕಿಂತ ಚಿಕ್ಕವರು ಮೃಗಗಳಿಗೆ ಹೆದರುವುದು ಕಡಿಮೆ. ಅಮ್ಮ ಊಟ ಕೊಡದೆ ಮಲಗಲು ಕಳಿಸಿದಳು ಎಂಬುದೇ ಅವರನ್ನು ಕಾಡುತ್ತದೆ. ಊಟ ಇನ್ನೂ ಬಿಸಿಯಾಗಿಯೇ ಇತ್ತು ಎನ್ನುವ ಕಡೆಯ ಮಾತಿಗೆ ಚಿತ್ರವಿಲ್ಲ. ಹಿಂದಿನ ಪುಟ ತೆರೆದಿಟ್ಟುಕೊಂಡೇ ಅದನ್ನು ಹೇಳಿ, ಇಲ್ಲವಾದರೆ ಆ ಸಮಾಧಾನ ಮಕ್ಕಳಿಗೆ ತಪ್ಪಿಹೋಗುತ್ತದೆ.

ಅಲೆಕ್ಸಿಸ್ ಡೀಕನ್‌ನ 'ಬೀಗು' (2003) ಬೇರೆಯೇ ಜಾತಿಯದು. ಭೂಮಿಗೆ ಬಿದ್ದ, ಮೂರು ಕಣ್ಣಿನ, ಉದ್ದ ಕಿವಿಯ ಹಳದಿ ಕೂಸು ಅದು; ಅದರ ಮಾತು ಯಾರಿಗೂ ತಿಳಿಯುವುದಿಲ್ಲ. ಮನೆಯಲ್ಲಿ ಕೊಂಕಣಿ ಆಡಿ ಕನ್ನಡದ ಅಂಗನವಾಡಿಗೆ ಹೊಸದಾಗಿ ಬಂದ ಮಗು ಇದನ್ನು ನೋಡುವ ರೀತಿಯೇ ಬೇರೆ. ಹೆದರಿಕೆ ಇದರಲ್ಲಿ ಇಲ್ಲವೇ ಇಲ್ಲ, ದುಃಖ ಇದೆ. ಶಾಲೆಯ ಅಂಗಳದ ಮಕ್ಕಳು ಸೇರಿಸಿಕೊಂಡ ಮೇಲೆ ದೊಡ್ಡವರೊಬ್ಬರು ಬಂದು ಅದನ್ನು ಹೊರಹಾಕುವ ಪುಟದಲ್ಲಿ ಕೆಲವರು ಅಳುತ್ತಾರೆ. ಅಲ್ಲಿಗೆ ನಿಲ್ಲಿಸಿ ನಾಳೆ ಓದುವಾ ಎನ್ನಬೇಡಿ. ಅಪ್ಪ ಅಮ್ಮ ಬಂದು ಕರೆದೊಯ್ಯುವವರೆಗೆ ಒಂದೇ ಉಸಿರಿನಲ್ಲಿ ಮುಗಿಸಿ. ಮಾತು ಕಡಿಮೆ ಇರುವುದರಿಂದ, ಕೂಸಿನ ಮನಸ್ಸಿಗೆ ತಕ್ಕಂತೆ ಬದಲಾಗುವ ಕಿವಿ ತೋರಿಸಿ 'ಈಗ ಕಿವಿ ಹೇಗಿದೆ?' ಎಂದರೆ ಸಾಕು. ಒಂದೇ ಪುಸ್ತಕಕ್ಕೆ ದುಡ್ಡಿದ್ದು ಮಗುವಿಗೆ ಐದಾಗಿದ್ದರೆ ನಾವು ಹೇಳುವುದು ಇದನ್ನೇ.

ಎಂಬರ್ಲಿಯ ಉಪಾಯವನ್ನು ಮನೆಯಲ್ಲೇ ಮಾಡಿ, ಊರ ರಕ್ಕಸನನ್ನೇ ಕೂರಿಸಬಹುದು. ಎ4 ಅಳತೆಯ, 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ) ದಪ್ಪದ ಆರು ಕಾರ್ಡ್ ಹಾಳೆ ಬೇಕು. ಕಡೆಯ ಹಾಳೆಯಲ್ಲಿ ಪೂರ್ತಿ ಮುಖ. ಅದರ ಮೇಲೆ ಐದು ಕಪ್ಪು ಹಾಳೆ: ಎಲ್ಲಕ್ಕಿಂತ ಮೇಲಿನದರಲ್ಲಿ ಕಣ್ಣಿನ ತೂತು ಮಾತ್ರ, ಎರಡನೆಯದರಲ್ಲಿ ಕಣ್ಣು ಮೂಗು, ಮೂರನೆಯದರಲ್ಲಿ ಬಾಯಿಯೂ, ಮುಂದೆ ಮೀಸೆ, ಕಿರೀಟ. ಎಲ್ಲ ಹಾಳೆಗೂ ಒಂದೇ ಅಚ್ಚಿನಿಂದ ಗುರುತು ಹಾಕಿ. ಎರಡು ತೂತಿನ ನಡುವೆ 2 ಸೆಂ.ಮೀ., ಅಂಚಿಗೆ 3 ಸೆಂ.ಮೀ. ಬಿಡದಿದ್ದರೆ ಹರಿಯುತ್ತದೆ. ಮೇಲ್ಗಡೆ ಎರಡು ಕಡೆ ದಾರ ಪೋಣಿಸಿ ಕಟ್ಟಿ, ಒಂದೇ ಕಡೆ ಕಟ್ಟಿದರೆ ಹಾಳೆ ಓರೆಯಾಗಿ ಕಣ್ಣಿನ ಜಾಗದಲ್ಲಿ ಹುಬ್ಬು ಕಾಣುತ್ತದೆ. ಹಾಳೆ ಮೇಲೆತ್ತಿದಂತೆ ರಕ್ಕಸ ಬರುತ್ತಾನೆ, 'ಹೋಗು' ಅನ್ನುತ್ತ ಒಂದೊಂದೇ ಇಳಿಸಿದರೆ ಹೋಗುತ್ತಾನೆ. ಪೋಸ್ಟರ್ ಬಣ್ಣ ಬೇಡ, ಥಂಡಿಗೆ ಹಾಳೆಗಳು ಒಂದಕ್ಕೊಂದು ಹತ್ತಿಕೊಳ್ಳುತ್ತವೆ. ಬಣ್ಣದ ಕಾಗದವನ್ನೇ ಫೆವಿಕಾಲ್‌ನಿಂದ ತೆಳ್ಳಗೆ ಅಂಟಿಸಿ, ರಾತ್ರಿಯಿಡೀ ಭಾರದ ಅಡಿಯಲ್ಲಿ ಒಣಗಿಸಿ. ಮೈದಾ ಅಂಟು ಹಾಕಿದರೆ ಜಿರಳೆ ಬಂದು ಮೀಸೆ ಕಿರೀಟ ಎರಡನ್ನೂ ತಿಂದು ಹೋಗುತ್ತದೆ.