ಎಚ್ಚರಿಕೆ: ನಿಮ್ಮ ಮನೆ ವಿಮೆಯಿಂದ ನಾಯಿಕಡಿತ ಸದ್ದಿಲ್ಲದೆ ಹೊರಬಿದ್ದಿರಬಹುದು

ಅಮೆರಿಕದಲ್ಲಿ ಸ್ವಂತ ಮನೆ ಮಾಡಿಕೊಂಡು ನಾಯಿ ಸಾಕಿರುವವರು, ಅಥವಾ ಸಾಕಬೇಕೆಂದು ಬೀಡಾಡಿ ಪ್ರಾಣಿಗಳನ್ನು ದತ್ತು ಕೊಡುವ ಷೆಲ್ಟರ್‌ಗಳಿಗೆ ಎಡತಾಕುತ್ತಿರುವವರು, ತಮ್ಮ ಮನೆ ವಿಮೆಯ ಕಡತವನ್ನು ಹೊರತೆಗೆದು ಅದರ ಕೊನೆಯ ಹಾಳೆಗಳನ್ನು ಓದಲಿ ಎಂಬ ಉದ್ದೇಶದಿಂದ ಇದನ್ನು ಬರೆಯುತ್ತಿದ್ದೇನೆ. ಮೊದಲ ಹಾಳೆಯನ್ನು ನಂಬಿ ಕೂರುವಂತಿಲ್ಲ. ಡಿಕ್ಲರೇಷನ್ ಪೇಜ್ ಎಂದು ಕರೆಯುವ ಆ ಹಾಳೆ ನಮ್ಮ ಪಾಲಿಸಿಯಲ್ಲಿಯೂ ಅಚ್ಚುಕಟ್ಟಾಗಿಯೇ ಇತ್ತು: ವೈಯಕ್ತಿಕ ಹೊಣೆಗಾರಿಕೆಗೆ, ಅಂದರೆ ನಮ್ಮಿಂದ ಹೊರಗಿನವರಿಗಾದ ಹಾನಿಯ ಪರಿಹಾರಕ್ಕೆ, 3 ಲಕ್ಷ ಡಾಲರ್, ಮನೆಗೆ ಬಂದವರಿಗೆ ಪೆಟ್ಟಾದರೆ ವೈದ್ಯಕೀಯ ವೆಚ್ಚಕ್ಕೆ 5,000 ಡಾಲರ್. ನಾಯಿಯ ವಿಷಯ ಅಲ್ಲಿ ಒಂದಕ್ಷರವೂ ಇರಲಿಲ್ಲ.

ಕ್ಯಾಲಿಫೋರ್ನಿಯಾದ ನಮ್ಮ ಮನೆಗೆ ಪಾರ್ಸೆಲ್ ತಲುಪಿಸಲು ಬಂದಿದ್ದ ವ್ಯಕ್ತಿಯೊಬ್ಬರ ಕೈಯನ್ನು ನಮ್ಮ ನಾಯಿ ಕಚ್ಚಿತು. ಅದು ಷೆಲ್ಟರ್‌ನಿಂದ ತಂದ ಮಿಶ್ರತಳಿಯ ನಾಯಿ. ಅದಕ್ಕೆ ಮೊದಲು ಯಾರನ್ನೂ ಕಚ್ಚಿದ್ದಿಲ್ಲ. ಗಾಯ ಮೇಲುನೋಟಕ್ಕೆ ಸಣ್ಣದಾಗಿ ಕಂಡರೂ ಸೋಂಕು ತಗುಲಿ, ಬೆರಳಿನ ಸ್ನಾಯುರಜ್ಜುವಿಗೆ ಶಸ್ತ್ರಚಿಕಿತ್ಸೆ ಬೇಕಾಯಿತು. ರೇಬೀಸ್ ಲಸಿಕೆಯ ದಾಖಲೆಗಳು ಸರಿಯಾಗಿದ್ದವು. ರಾಜ್ಯದ ನಿಯಮದಂತೆ ಸ್ಥಳೀಯ ಆರೋಗ್ಯಾಧಿಕಾರಿಗೆ ವರದಿ ಹೋಗಿ, ನಾಯಿಯನ್ನು 10 ದಿನ ಪ್ರತ್ಯೇಕವಾಗಿಟ್ಟು ಗಮನಿಸಿದ್ದೂ ಆಯಿತು. ಅಲ್ಲಿಯವರೆಗೆ ಯಾವ ತೊಡಕೂ ಇರಲಿಲ್ಲ.

ವಿಮಾ ಕಂಪನಿಗೆ ತಿಳಿಸಿದಾಗ ಅಡ್ಜಸ್ಟರ್ (ಪರಿಹಾರದ ಕೋರಿಕೆಯನ್ನು ಪರಿಶೀಲಿಸುವ ಕಂಪನಿಯ ಪ್ರತಿನಿಧಿ) ಅತ್ಯಂತ ಸೌಜನ್ಯದಿಂದ ಮಾತನಾಡಿ, ನಮ್ಮ ಹೇಳಿಕೆಯನ್ನು ಧ್ವನಿಮುದ್ರಿಸಿಕೊಂಡರು. ಆಮೇಲೆ ಬಂದದ್ದು, ಕಂಪನಿಯು ತನ್ನ ಎಲ್ಲ ಹಕ್ಕುಗಳನ್ನು ಕಾಯ್ದಿರಿಸಿಕೊಂಡು ತನಿಖೆ ನಡೆಸುತ್ತಿದೆ ಎಂಬ ಪತ್ರ. ಇಂಥ ಪತ್ರ ಬಂದರೆ ಅದನ್ನು ಮಾಮೂಲಿ ಔಪಚಾರಿಕತೆ ಎಂದು ಬದಿಗಿಡಬೇಡಿ. ಹಣ ಕೊಡದಿರುವ ದಾರಿಯೊಂದು ಕಂಪನಿಗೆ ಕಂಡಿದೆ ಎಂಬುದರ ಮೊದಲ ಸೂಚನೆ ಅದೇ ಆಗಿರುತ್ತದೆ. ಅದರ ಬೆನ್ನಿಗೇ ನಿರಾಕರಣೆಯ ಪತ್ರ ಬಂತು. ಹಿಂದಿನ ಒಂದು ನವೀಕರಣದ ವೇಳೆ ಪಾಲಿಸಿಗೆ 'ಅನಿಮಲ್ ಲಯಬಿಲಿಟಿ ಎಕ್ಸ್‌ಕ್ಲೂಷನ್' (ಪ್ರಾಣಿಗಳ ಹೊಣೆಯನ್ನು ಹೊರಗಿಡುವ ಷರತ್ತು) ಎಂಬ ಎಂಡಾರ್ಸ್‌ಮೆಂಟ್, ಅಂದರೆ ಮೂಲ ಪಾಲಿಸಿಯನ್ನು ಬದಲಿಸುವ ಲಗತ್ತು, ಸೇರಿಸಲಾಗಿದ್ದು, ಪಾಲಿಸಿದಾರರು ಸಾಕಿರುವ ಅಥವಾ ಅವರ ಸುಪರ್ದಿಯಲ್ಲಿರುವ ಯಾವುದೇ ಪ್ರಾಣಿಯಿಂದಾದ ಗಾಯಕ್ಕೆ ರಕ್ಷಣೆ ಇಲ್ಲ ಎಂಬುದು ಅದರ ತಿರುಳು.

ನಾಯಿಯನ್ನು ಮನೆಗೆ ತಂದಾಗಲೇ ನಾವು ಏಜೆಂಟರಿಗೆ ತಿಳಿಸಿದ್ದೆವು, ಹೊಣೆಗಾರಿಕೆಯ ರಕ್ಷಣೆಯಲ್ಲಿ ಅದೂ ಸೇರಿದೆ ಎಂದು ಅವರು ಹೇಳಿದ್ದರು. ಅವರು ಸುಳ್ಳು ಹೇಳಿರಲಿಲ್ಲ. ಅಂದಿನ ಪಾಲಿಸಿಯ ಮಟ್ಟಿಗೆ ಅದು ನಿಜವೇ ಆಗಿತ್ತು. ಇಲ್ಲಿ ಹೆಚ್ಚು ಬಳಕೆಯಲ್ಲಿರುವ ಎಚ್‌ಒ-3 ಮಾದರಿಯ ಮನೆ ವಿಮೆಯ ಮೂಲ ನಮೂನೆಯು ನಾಯಿಕಡಿತವನ್ನು ಪ್ರತ್ಯೇಕವಾಗಿ ಹೊರಗಿಡುವುದಿಲ್ಲ. ಹೊರಗಿಡುವ ಕೆಲಸವನ್ನು ಹಿಂದೆ ಲಗತ್ತಿಸುವ ಎಂಡಾರ್ಸ್‌ಮೆಂಟ್‌ಗಳು ಮಾಡುತ್ತವೆ, ಮತ್ತು ಅವುಗಳನ್ನು ವರ್ಷಕ್ಕೊಮ್ಮೆ ನವೀಕರಣದ ಹೊತ್ತಿಗೆ ಸೇರಿಸುವ ಅವಕಾಶ ಕಂಪನಿಗಿದೆ. ರಕ್ಷಣೆಯನ್ನು ಕಡಿತಗೊಳಿಸುವಾಗ ಮುಂಚಿತವಾಗಿ ಲಿಖಿತ ಸೂಚನೆ ಕೊಡಬೇಕೆಂಬ ನಿಯಮವೂ ಇದೆ. ಕಂಪನಿ ಅದನ್ನು ಪಾಲಿಸಿತ್ತು ಕೂಡ. ಖಾಸಗಿತನದ ನೀತಿ, ಪ್ರವಾಹ ವಿಮೆಯ ಜಾಹೀರಾತು, ಭೂಕಂಪ ವಿಮೆಯ ಪ್ರಸ್ತಾಪಗಳ ನಡುವೆ ಆ ಸೂಚನೆಯ ಹಾಳೆಯೂ ದಪ್ಪ ಲಕೋಟೆಯೊಳಗೆ ಇತ್ತು. ಪ್ರೀಮಿಯಂ ಮಾತ್ರ ಒಂದು ಡಾಲರ್ ಕೂಡ ಇಳಿದಿರಲಿಲ್ಲ. ಕಾನೂನಿನ ಅಕ್ಷರವನ್ನು ಪಾಲಿಸಿ ಅದರ ಉದ್ದೇಶವನ್ನು ಸೋಲಿಸುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಇನ್ನು ಆ ಒಂದು ಷರತ್ತು ಏನೇನನ್ನು ಕಿತ್ತುಕೊಳ್ಳುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕು, ಏಕೆಂದರೆ ಪರಿಹಾರದ ಮೊತ್ತವನ್ನು ನಾವೇ ಭರಿಸಬೇಕಾಗುತ್ತದೆ ಎಂದಷ್ಟೇ ಬಹಳ ಜನ ಭಾವಿಸಿರುತ್ತಾರೆ. ಹೊಣೆಗಾರಿಕೆಯ ವಿಮೆಯಲ್ಲಿ ಎರಡು ಭರವಸೆಗಳಿರುತ್ತವೆ: ನಿಮ್ಮ ಮೇಲೆ ಹೊರಿಸಲಾದ ಪರಿಹಾರವನ್ನು ಪಾಲಿಸಿಯ ಮಿತಿಯೊಳಗೆ ತೆರುವುದು ಒಂದು, ನಿಮ್ಮ ಪರವಾಗಿ ವಕೀಲರನ್ನು ನೇಮಿಸಿ ಮೊಕದ್ದಮೆ ನಡೆಸುವುದು ಇನ್ನೊಂದು. ಮನೆ ವಿಮೆಯಲ್ಲಿ ಈ ಎರಡನೆಯ ವೆಚ್ಚವನ್ನು ಸಾಮಾನ್ಯವಾಗಿ ಪಾಲಿಸಿಯ ಮಿತಿಯಿಂದ ಕಳೆಯುವುದಿಲ್ಲ, ಕಂಪನಿಯೇ ಪ್ರತ್ಯೇಕವಾಗಿ ಭರಿಸುತ್ತದೆ. ಎಕ್ಸ್‌ಕ್ಲೂಷನ್ ಅನ್ವಯವಾದ ಕೂಡಲೇ ಎರಡೂ ಒಟ್ಟಿಗೇ ಹೋಗುತ್ತವೆ. ಎದುರು ಪಕ್ಷದ ವಕೀಲರಿಗೆ ಉತ್ತರಿಸುವುದು, ಆಸ್ಪತ್ರೆಯ ಬಿಲ್ಲುಗಳು ನ್ಯಾಯವಾಗಿವೆಯೇ ಎಂದು ತಜ್ಞರಿಂದ ಪರಿಶೀಲಿಸುವುದು, ರಾಜಿಯ ಮಾತುಕತೆ, ಎಲ್ಲವೂ ಗಂಟೆಯ ಲೆಕ್ಕದಲ್ಲಿ ಶುಲ್ಕ ಪಡೆಯುವ ನಿಮ್ಮದೇ ವಕೀಲರ ಮೂಲಕ ನಡೆಯಬೇಕು. ನಮ್ಮ ಪ್ರಕರಣದಲ್ಲಿ ನಿದ್ದೆಗೆಡಿಸಿದ್ದು ಪರಿಹಾರದ ಮೊತ್ತಕ್ಕಿಂತ ಮಿಗಿಲಾಗಿ ಈ ಖರ್ಚು, ಏಕೆಂದರೆ ಅದಕ್ಕೆ ಕೊನೆ ಎಲ್ಲಿ ಎಂದು ಮೊದಲೇ ಗೊತ್ತಿರುವುದಿಲ್ಲ. ತಪ್ಪು ಯಾರದೆಂದು ನೋಡದೆ ಕೊಡುವ ಆ ಸಣ್ಣ ವೈದ್ಯಕೀಯ ಮೊತ್ತವೂ ಅದೇ ಷರತ್ತಿನಡಿ ರದ್ದಾಗಿತ್ತು.

ಮೊದಲ ಬೇಡಿಕೆ ಪತ್ರ ಗಾಯಗೊಂಡವರಿಂದ ಬರಲಿಲ್ಲ. ಅವರು ಕೆಲಸದ ಮೇಲಿದ್ದಾಗ ಪೆಟ್ಟಾದ್ದರಿಂದ ಚಿಕಿತ್ಸೆಯ ವೆಚ್ಚವನ್ನು ಅವರ ಉದ್ಯೋಗದಾತರ ವರ್ಕರ್ಸ್ ಕಾಂಪೆನ್ಸೇಶನ್ ವಿಮೆ (ಕೆಲಸದಲ್ಲಿ ಗಾಯಗೊಂಡ ನೌಕರರಿಗಾಗಿ ಇರುವ ವಿಮೆ) ಭರಿಸಿತ್ತು. ಆ ವಿಮೆಯ ಕಂಪನಿ ತಾನು ಕೊಟ್ಟ ಹಣವನ್ನು ನಾಯಿಯ ಮಾಲೀಕರಾದ ನಮ್ಮಿಂದ ವಸೂಲು ಮಾಡಲು ಮುಂದಾಯಿತು. ಕಚ್ಚಿಸಿಕೊಂಡವರು ಒಳ್ಳೆಯವರು, ಮೊಕದ್ದಮೆ ಹೂಡುವುದಿಲ್ಲ ಎಂಬ ನಂಬಿಕೆ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಅವರು ಸುಮ್ಮನಿದ್ದರೂ ಅವರ ಖರ್ಚು ಭರಿಸಿದ ಸಂಸ್ಥೆ ಸುಮ್ಮನಿರಬೇಕಾಗಿಲ್ಲ.

ನಮ್ಮ ನಾಯಿ ಹಿಂದೆಂದೂ ಕಚ್ಚಿರಲಿಲ್ಲ ಎಂಬ ವಾದವೂ ನಿಲ್ಲಲಿಲ್ಲ. ಕ್ಯಾಲಿಫೋರ್ನಿಯಾದ ಸಿವಿಲ್ ಸಂಹಿತೆಯ 3342ನೆಯ ಸೆಕ್ಷನ್ ಪ್ರಕಾರ, ಸಾರ್ವಜನಿಕ ಸ್ಥಳದಲ್ಲಿರುವ ಅಥವಾ ಖಾಸಗಿ ಸ್ಥಳಕ್ಕೆ ಕಾನೂನುಬದ್ಧವಾಗಿ ಬಂದಿರುವ ವ್ಯಕ್ತಿಯನ್ನು ನಾಯಿ ಕಚ್ಚಿದರೆ, ಅದರ ಹಿಂದಿನ ನಡವಳಿಕೆ ಹೇಗಿತ್ತು, ಮಾಲೀಕರಿಗೆ ಅದು ತಿಳಿದಿತ್ತೇ ಎಂಬುದನ್ನು ನೋಡದೆಯೇ ಮಾಲೀಕರು ಹೊಣೆಯಾಗುತ್ತಾರೆ. ಟೆಕ್ಸಾಸ್‌ನಂಥ ರಾಜ್ಯದಲ್ಲಿ ನಾಯಿ ಅಪಾಯಕಾರಿ ಎಂಬುದು ಮಾಲೀಕರಿಗೆ ಗೊತ್ತಿತ್ತು ಅಥವಾ ಅವರು ನಿರ್ಲಕ್ಷ್ಯ ವಹಿಸಿದರು ಎಂದು ತೋರಿಸಬೇಕಾಗುತ್ತದೆ. ಹೊಣೆಗಾರಿಕೆಯ ಕಾನೂನು ಹೀಗೆ ರಾಜ್ಯದಿಂದ ರಾಜ್ಯಕ್ಕೆ ಬದಲಾಗುವುದರಿಂದ ಬೇರೆ ರಾಜ್ಯದ ಗೆಳೆಯರ ಅನುಭವವನ್ನು ನಂಬಿ ನಿರ್ಧಾರಕ್ಕೆ ಬರಬೇಡಿ. ಮೊತ್ತದ ಅಂದಾಜು ಬೇಕಿದ್ದರೆ, ಇನ್ಶೂರೆನ್ಸ್ ಇನ್ಫರ್ಮೇಷನ್ ಇನ್‌ಸ್ಟಿಟ್ಯೂಟ್ ಪ್ರಕಟಿಸಿದ ಲೆಕ್ಕದಂತೆ 2023ರಲ್ಲಿ ನಾಯಿಗಳಿಗೆ ಸಂಬಂಧಿಸಿದ ಕ್ಲೇಮ್ (ವಿಮಾ ಪರಿಹಾರದ ಕೋರಿಕೆ) ಒಂದಕ್ಕೆ ದೇಶದ ಸರಾಸರಿ ವೆಚ್ಚ 58,545 ಡಾಲರ್. ನಮ್ಮದು ಅದಕ್ಕಿಂತ ಕಡಿಮೆಯಲ್ಲಿ ರಾಜಿಯಾಯಿತು, ಆದರೂ ಮನೆಯ ಮೇಲೆ ಸಾಲ ಎತ್ತದೆ ಬೇರೆ ದಾರಿಯಿರಲಿಲ್ಲ.

ತಳಿಯ ವಿಷಯದಲ್ಲಿ ಕಂಪನಿಗಳ ನಡವಳಿಕೆ ಒಂದೇ ಬಗೆಯದಲ್ಲ. ಪಿಟ್ ಬುಲ್, ರಾಟ್‌ವೈಲರ್, ಡಾಬರ್‌ಮನ್, ಚೌ ಚೌ, ಅಕಿಟಾ ಮುಂತಾದ ಹೆಸರುಗಳ ಪಟ್ಟಿ ಇಟ್ಟುಕೊಂಡು ಪಾಲಿಸಿಯನ್ನೇ ನಿರಾಕರಿಸುವವರಿದ್ದಾರೆ. ತಳಿ ಕೇಳದೆ ಹಿಂದೆ ಕಚ್ಚಿದ ಇತಿಹಾಸವನ್ನಷ್ಟೇ ಕೇಳುವವರೂ ಇದ್ದಾರೆ. ತಳಿಯನ್ನೇ ಕಾರಣ ಮಾಡಿ ವಿಮೆ ನಿರಾಕರಿಸುವುದನ್ನು ತಡೆಯುವ ಕಾನೂನುಗಳನ್ನು ನ್ಯೂಯಾರ್ಕ್ ಮತ್ತು ನೆವಾಡಾ ರಾಜ್ಯಗಳು 2021ರಲ್ಲಿ ಮಾಡಿವೆ. ಷೆಲ್ಟರ್‌ನವರು ಕಣ್ಣಂದಾಜಿನಲ್ಲಿ ಬರೆದ ತಳಿಯ ಹೆಸರು ದತ್ತುಪತ್ರದಲ್ಲೂ ಪಶುವೈದ್ಯರ ದಾಖಲೆಯಲ್ಲೂ ಹಾಗೆಯೇ ಉಳಿದುಬಿಡುತ್ತದೆ, ಮತ್ತು ತಕರಾರು ಬಂದಾಗ ಕಂಪನಿ ಮೊದಲು ಕೇಳುವುದು ಅವೇ ಕಾಗದಗಳನ್ನು. ಅರ್ಜಿಯಲ್ಲಿ ನಾಯಿ ಇಲ್ಲವೆಂದು ಬರೆದು ಪ್ರೀಮಿಯಂ ಉಳಿಸುವ ಸಲಹೆಯನ್ನು ಯಾರಾದರೂ ಕೊಟ್ಟರೆ ಕಿವಿಗೆ ಹಾಕಿಕೊಳ್ಳಬೇಡಿ. ಸುಳ್ಳು ಮಾಹಿತಿಯ ಆಧಾರದ ಮೇಲೆ ಇಡೀ ಪಾಲಿಸಿಯನ್ನೇ ಮೊದಲಿನಿಂದ ರದ್ದುಗೊಳಿಸಲು ಅದು ದಾರಿ ಮಾಡಿಕೊಡುತ್ತದೆ.

ನಮ್ಮ ಕುಟುಂಬಗಳಿಗೆ ವಿಶೇಷವಾಗಿ ತಟ್ಟುವ ವಿಷಯ ಇನ್ನೊಂದಿದೆ. ಪಾಲಿಸಿಯಲ್ಲಿ ರಕ್ಷಣೆ ಇದ್ದರೂ ಅದು ಹೊರಗಿನವರಿಗೆ ಆದ ಗಾಯಕ್ಕೆ ಮಾತ್ರ. ಅದೇ ಮನೆಯಲ್ಲಿ ವಾಸಿಸುವ ಬಂಧುಗಳು ಪಾಲಿಸಿಯ ದೃಷ್ಟಿಯಲ್ಲಿ ಸ್ವತಃ ವಿಮೆಗೊಳಪಟ್ಟವರು, ಹಾಗಾಗಿ ಅವರನ್ನು ನಾಯಿ ಕಚ್ಚಿದರೆ ಹೊಣೆಗಾರಿಕೆಯ ಭಾಗದಿಂದ ಏನೂ ಸಿಗುವುದಿಲ್ಲ. ಊರಿನಿಂದ ಬಂದು ತಿಂಗಳುಗಟ್ಟಲೆ ಮಗನ ಅಥವಾ ಮಗಳ ಮನೆಯಲ್ಲಿ ಉಳಿಯುವ ತಂದೆತಾಯಿ ಅತಿಥಿಗಳೋ ನಿವಾಸಿಗಳೋ ಎಂಬ ತಕರಾರನ್ನು ಕಂಪನಿ ಎತ್ತಬಹುದು. ನಾಯಿಗೆ ಅಪರಿಚಿತರೂ ಪಾಲಿಸಿಗೆ ಮನೆಯವರೂ ಆಗಿಬಿಡುವ ಇವರ ಪ್ರವಾಸಿ ವೈದ್ಯಕೀಯ ವಿಮೆಯನ್ನು ಈ ದೃಷ್ಟಿಯಿಂದಲೂ ನೋಡಿ ಆರಿಸುವುದು ಒಳ್ಳೆಯದು.

ಏಜೆಂಟರನ್ನು "ನಾಯಿಗೆ ರಕ್ಷಣೆ ಇದೆಯೇ" ಎಂದು ಕೇಳಿದರೆ "ಇದೆ" ಎಂಬ ಉತ್ತರವಷ್ಟೇ ಸಿಗುತ್ತದೆ. ಪ್ರಾಣಿಗಳಿಗೆ ಸಂಬಂಧಿಸಿದ ಎಕ್ಸ್‌ಕ್ಲೂಷನ್ ಆಗಲಿ, ಒಟ್ಟು ಮಿತಿಗಿಂತ ಕಡಿಮೆಯಾದ ಪ್ರತ್ಯೇಕ ಮಿತಿಯಾಗಲಿ ಇದೆಯೇ, ಇದ್ದರೆ ಆ ಎಂಡಾರ್ಸ್‌ಮೆಂಟ್‌ನ ಸಂಖ್ಯೆ ಏನು ಎಂದು ಇಮೇಲ್ ಮೂಲಕ ಕೇಳಿ, ಉತ್ತರವನ್ನು ಇಮೇಲ್‌ನಲ್ಲಿಯೇ ಪಡೆಯಿರಿ. ಪ್ರತಿ ನವೀಕರಣದಲ್ಲೂ ಇದೇ ಪ್ರಶ್ನೆಯನ್ನು ಮತ್ತೆ ಕೇಳಿ. ಪ್ರತ್ಯೇಕ ಮಿತಿ 25,000 ಡಾಲರ್‌ನಷ್ಟು ಕಡಿಮೆ ಇರುವುದೂ ಉಂಟು. ಮನೆ ವಿಮೆಯ ಹೊಣೆಗಾರಿಕೆಯ ಮಿತಿ ಮುಗಿದ ಮೇಲೆ ನೆರವಾಗುವ ಅಂಬ್ರೆಲಾ ಪಾಲಿಸಿ ಇದೆಯೆಂದು ನಿಶ್ಚಿಂತರಾಗಬೇಡಿ, ಅದರ ಕೆಳಗಿರುವ ಮನೆ ವಿಮೆ ಹೊರಗಿಟ್ಟದ್ದನ್ನು ಅದೂ ಹೊರಗಿಟ್ಟಿರಬಹುದು. ಎಕ್ಸ್‌ಕ್ಲೂಷನ್ ಇರುವುದು ಖಚಿತವಾದರೆ, ನಾಯಿ ಇನ್ನೂ ಯಾರನ್ನೂ ಕಚ್ಚಿಲ್ಲದಿರುವಾಗಲೇ ಕಂಪನಿ ಬದಲಿಸಿ, ಅಥವಾ ನಾಯಿಯ ಹೊಣೆಗಾರಿಕೆಗೆಂದೇ ಮಾರುವ ಪ್ರತ್ಯೇಕ ಪಾಲಿಸಿಯನ್ನು ಕೊಳ್ಳಿ. ಒಮ್ಮೆ ಕಚ್ಚಿದ ಮೇಲೆ ಎರಡೂ ದುಬಾರಿಯಾಗುತ್ತವೆ, ಕೆಲವೊಮ್ಮೆ ಸಿಗುವುದೇ ಇಲ್ಲ.

ಹಳೆಯ ಪಾಲಿಸಿಗಳನ್ನು ಎಸೆಯಬೇಡಿ. ಲೆಕ್ಕಕ್ಕೆ ಬರುವುದು ದಾವೆ ಹೂಡಿದ ದಿನದ ಪಾಲಿಸಿಯಲ್ಲ, ಕಚ್ಚಿದ ದಿನ ಜಾರಿಯಲ್ಲಿದ್ದ ಪಾಲಿಸಿ. ಕ್ಯಾಲಿಫೋರ್ನಿಯಾದಲ್ಲಿ ವಯಸ್ಕರಿಗೆ ದಾವೆ ಹೂಡಲು 2 ವರ್ಷಗಳ ಅವಧಿ ಇದ್ದರೆ, ಮಕ್ಕಳ ವಿಷಯದಲ್ಲಿ ಆ ಅವಧಿ ಅವರಿಗೆ 18 ತುಂಬಿದ ಮೇಲೆ ಶುರುವಾಗುತ್ತದೆ. ಇಂದು ನಿಮ್ಮ ನಾಯಿ ಪಕ್ಕದ ಮನೆಯ 6 ವರ್ಷದ ಮಗುವನ್ನು ಕಚ್ಚಿದರೆ, ಇಂದಿನ ಪಾಲಿಸಿಯ ಕೊನೆಯ ಹಾಳೆಗಳನ್ನು ವಕೀಲರು ಇನ್ನು 14 ವರ್ಷಗಳವರೆಗೂ ಕೇಳಬಹುದು.