ಕರುಗಳಿಗೆ ಬೇಲಿ ಹಾಕಿಸುವವರೇ, ಕೆಳಗಿನ ತಂತಿ ಅಳೆದು ಆಮೇಲೆ ದುಡ್ಡು ಕೊಡಿ

ಬರೆಯೋಕೆ ನಾಚಿಕೆ ಆಗುತ್ತಿದೆ. ಇಷ್ಟು ವರ್ಷ ಹಸು ಸಾಕಿದವನು ಒಂದು ಬೇಲಿ ವಿಷಯದಲ್ಲಿ ಟೋಪಿ ಹಾಕಿಸಿಕೊಂಡೆ. ನೀವು ಹಾಕಿಸಿಕೊಳ್ಳಬೇಡಿ.

ನನ್ನ ಹತ್ತಿರ ಐದು ಎಳೆಗರು ಇವೆ. ತಾಯಿಗಳ ಜೊತೆ ಮೇಯಲು ಬಿಡೋಣ ಅಂತ ಝಟ್ಕಾ ಬೇಲಿ, ಅಂದರೆ ಮುಟ್ಟಿದರೆ ಕರೆಂಟ್ ಹೊಡೆಯುವ ತಂತಿ ಬೇಲಿ ಹಾಕಿಸಿದೆ. ಬೇಲಿಯವನಿಗೆ ಮೊದಲ ದಿನವೇ ಹೇಳಿದ್ದೆ, "ದೊಡ್ಡ ಹಸುಗಳ ಚಿಂತೆ ಇಲ್ಲ, ಕರು ಆಚೆ ಹೋಗಬಾರದು." ಒಂದು ಸಲ ಅಲ್ಲ, ಮೂರು ಸಲ ಹೇಳಿದ್ದೆ. "ಕರು ಬಿಡಿ ಸಾರ್, ಬೆಕ್ಕೂ ನುಸುಳಲ್ಲ" ಅಂದ. ಆ ಮಾತಿಗೆ ಮರುಳಾದೆ ನೋಡಿ!

ಎರಡೇ ದಿನದಲ್ಲಿ ಕೆಲಸ ಮುಗಿಸಿದ. ತಂತಿಗೆ ಕರೆಂಟ್ ಕೊಡುವ ಮಷೀನಿನ ಪಕ್ಕದಲ್ಲೇ ಟೆಸ್ಟರ್ ಇಟ್ಟು ತೋರಿಸಿದ, 7000 ವೋಲ್ಟ್. ನಾನೂ ದೊಡ್ಡದಾಗಿ ತಲೆ ಆಡಿಸಿ ಪೂರ್ತಿ ದುಡ್ಡು ಎಣಿಸಿ ಕೊಟ್ಟೆ.

ಮರುದಿನ ಬೆಳಿಗ್ಗೆ ತಾಯಿಹಸು ಒಳಗೆ ನಿಂತು ಕೂಗುತ್ತಿತ್ತು. ಕರು ಬೇಲಿ ಆಚೆ ನಿಂತು ನನ್ನನ್ನೇ ನೋಡುತ್ತಿತ್ತು. ನಾನು ಬಾಯಿ ಬಿಟ್ಟುಕೊಂಡು ನಿಂತಿರುವಾಗಲೇ ಇನ್ನೊಂದು ಕರು ತಲೆ ತಗ್ಗಿಸಿ, ತಂತಿ ಕೆಳಗೆ ಹಾಯಾಗಿ ದಾಟಿತು. ಬೆನ್ನಿಗೆ ತಂತಿ ತಾಗಿತು. ಒಂದು ಸಲ ಬಾಲ ಬೀಸಿತು, ನೊಣ ಕೂತರೆ ಬೀಸುವ ಹಾಗೆ. ಅಷ್ಟೇ. ಆ ಬಾಲ ಬೀಸಿದ್ದು ಇನ್ನೂ ಕಣ್ಣ ಮುಂದೆ ಇದೆ.

ಟೇಪ್ ತಂದು ಅಳೆದೆ. ಎರಡೇ ತಂತಿ, ಕೆಳಗಿನದು 70 ಸೆಂ.ಮೀ. ಎತ್ತರದಲ್ಲಿ! ಇದು ದೊಡ್ಡ ಹಸುವಿನ ಬೇಲಿ. ಕರುಗಳಿದ್ದರೆ ಕೆಳಗಿನ ತಂತಿ 40-45 ಸೆಂ.ಮೀ. ಹತ್ತಿರ ಇರಬೇಕು. ಮೊದಲು ತಾಗಬೇಕಾದ್ದು ಒದ್ದೆ ಮೂಗು, ಕೂದಲಿರುವ ಬೆನ್ನಲ್ಲ.

ಫೋನ್ ಮಾಡಿದೆ. ಅವನ ಉತ್ತರ ಕೇಳಿ: "ನಿಮ್ಮ ಕರು ಸಣ್ಣದು ಸಾರ್, ಎರಡು ತಿಂಗಳು ತಡೀರಿ, ಬೆಳೆಯುತ್ತೆ." ಬೇಲಿ ಹಾಕಿಸಿದ್ದು ಕರುಗಳಿಗೆ ಅಂತ, ಈಗ ಕರುವೇ ಬೆಳೆದು ಬೇಲಿಗೆ ಸರಿಹೋಗಬೇಕಂತೆ! ಇನ್ನೊಂದು ತಂತಿ ಎಳೆದು ಕೊಡು ಅಂದರೆ, "ಅದು ಬೇರೆ ಕೆಲಸ, ಬೇರೆ ಚಾರ್ಜು." ಝಟ್ಕಾನೂ ಹೊಡೀತಿಲ್ಲ ಅಂದೆ. "ಮಣ್ಣು ಒಣಗಿದೆ, ನೀರು ಹಾಕಿ."

ನೀರು ಹಾಕಲು ಹೋಗಿ, ಮಷೀನಿನ ವೈರ್ ಕಟ್ಟಿ ನೆಲಕ್ಕೆ ಹೊಡೆದಿದ್ದ ಅರ್ತಿಂಗ್ ರಾಡ್ ಹಿಡಿದು ಎಳೆದೆ. ಮೂಲಂಗಿ ಕಿತ್ತ ಹಾಗೆ ಕೈಗೆ ಬಂತು! ಒಂದೇ ರಾಡ್, ಒಂದೂವರೆ ಅಡಿ. ಕಡಿಮೆ ಅಂದರೂ ಆರು ಅಡಿಯ ಮೂರು ರಾಡ್, ಹತ್ತು ಹತ್ತು ಅಡಿ ದೂರದಲ್ಲಿ ಹೊಡೆಯಬೇಕು. ಪ್ರಾಣಿಯ ಮೈಯಿಂದ ನೆಲಕ್ಕಿಳಿದ ಕರೆಂಟ್ ಆ ರಾಡ್ ಮೂಲಕವೇ ಮಷೀನಿಗೆ ವಾಪಸ್ ಹೋಗಬೇಕು, ಅಲ್ವಾ? ಬೇಲಿಯ ಕೊನೆಯಲ್ಲಿ ಟೆಸ್ಟರ್ ಇಟ್ಟರೆ 1200 ವೋಲ್ಟ್ ತೋರಿಸಿತು. 3000 ಆದರೂ ಇರದಿದ್ದರೆ ದನ ಎಲ್ಲಿ ಹೆದರುತ್ತದೆ?

ಕೊನೆಗೆ ಅವನು ಹೇಳಿದ್ದು, "ಅಷ್ಟು ಡೌಟಿದ್ರೆ ಮನೆ ಲೈನಿಂದ ಡೈರೆಕ್ಟ್ ಕೊಟ್ಬಿಡಿ." ಮೈ ಉರಿದು ಹೋಯಿತು. ಮಷೀನಾದರೆ ಸೆಕೆಂಡಿಗೊಮ್ಮೆ ಹೊಡೆದು ತಕ್ಷಣ ಬಿಡುತ್ತದೆ. ಡೈರೆಕ್ಟ್ ಕೊಟ್ಟರೆ ಕರುವೂ ಹೋಗುತ್ತದೆ, ಮುಟ್ಟಿದ ಮನುಷ್ಯನೂ ಹೋಗುತ್ತಾನೆ. ದಯವಿಟ್ಟು ಯಾರು ಹೇಳಿದರೂ ಮಾಡಬೇಡಿ. ಬೈದೆ. ಆಮೇಲೆ ಅವನು ಫೋನ್ ಎತ್ತಲಿಲ್ಲ.

ತಂತಿಗಳ ಎತ್ತರ, ರಾಡ್ ಎಷ್ಟು ಅನ್ನೋದನ್ನು ಮೊದಲೇ ಬರೆಸಿಕೊಳ್ಳಿ. ಟೆಸ್ಟರ್ ಮಷೀನಿನ ಹತ್ತಿರ ಅಲ್ಲ, ದೂರದ ಮೂಲೆಯಲ್ಲಿ ಹಿಡಿಸಿ. ಅಲ್ಲಿವರೆಗೂ ಅರ್ಧ ದುಡ್ಡು ನಿಮ್ಮ ಜೇಬಲ್ಲೇ ಇರಲಿ. ಮುಳ್ಳುತಂತಿಗೆ ಕರೆಂಟ್ ಕೊಡ್ತೀನಿ ಅನ್ನೋನನ್ನು ಗೇಟಿಂದಲೇ ವಾಪಸ್ ಕಳಿಸಿ, ಕರು ಸಿಕ್ಕಿಕೊಂಡರೆ ಬಿಡಿಸಿಕೊಳ್ಳೋಕೆ ಆಗಲ್ಲ.

ಕೆಳಗಿನ ತಂತಿ ನಾನೇ ಎಳೆದೆ, ರಾಡ್ ನಾನೇ ಹೊಡೆದೆ. ಈಗ ಹುಲ್ಲು ಬೆಳೆದು ಆ ತಂತಿಗೆ ತಾಗಿ ಕರೆಂಟ್ ಸೋರುತ್ತದೆ ಅಂತ ವಾರವಾರ ಸವರುತ್ತಿದ್ದೇನೆ. ಅದನ್ನೂ ಆ ಮಹಾಶಯ ಹೇಳಿರಲಿಲ್ಲ.