ಸದ್ದು ಬರ್ತಿದೆ, ಚಿತ್ರ ಇಲ್ಲವೇ? ಟಿವಿಯನ್ನು ಮನೆಯಿಂದ ಹೊರಗೆ ಕಳಿಸುವ ಮುಂಚೆ ಓದಿ

ಏಳೆಂಟು ವರ್ಷಕ್ಕಿಂತ ಹಳೆಯ ಎಲ್‌ಇಡಿ ಟಿವಿ ಇಟ್ಟುಕೊಂಡಿರುವವರಿಗಾಗಿ ಬರೆಯುತ್ತಿದ್ದೇನೆ, ಅದರಲ್ಲೂ ಮನೆಯಲ್ಲಿ ವಯಸ್ಸಾದವರು ಒಬ್ಬರೇ ಇದ್ದರೆ.

ರಾಜಾಜಿನಗರದ ನಮ್ಮ ದೊಡ್ಡಮ್ಮನ ಮನೆಯಲ್ಲಿ 2015ರಲ್ಲಿ ಕೊಂಡ 32 ಇಂಚಿನ ಸೆಟ್ ಇದೆ. ಧಾರಾವಾಹಿ ನಡೆಯುತ್ತಿದ್ದ ಹಾಗೇ ಪರದೆ ಕಪ್ಪಾಯಿತು, ಮಾತು ಮಾತ್ರ ಕೇಳಿಸುತ್ತಿತ್ತು. ದೊಡ್ಡಮ್ಮ ಮೊಬೈಲಿನಲ್ಲಿ ಕಂಪನಿಯ ಹೆಸರಿನ ಮುಂದೆ 'ಸರ್ವಿಸ್ ಸೆಂಟರ್' ಎಂದು ಹಾಕಿ ಹುಡುಕಿ, ಮೇಲೆ ಬಂದ ನಂಬರಿಗೆ ಫೋನ್ ಮಾಡಿದರು. ಅದು ಕಂಪನಿಯ ನಂಬರ್ ಆಗಿರಲಿಲ್ಲ. ಆದರೆ ಫೋನ್ ಎತ್ತಿದವರು ಕಂಪನಿಯ ಹೆಸರು ಹೇಳಿಯೇ ಮಾತು ಶುರು ಮಾಡಿದ್ದರು, ಬಂದ ಹುಡುಗನ ಕೊರಳಲ್ಲೂ ಐಡಿ ಕಾರ್ಡ್ ಇತ್ತು.

ಅವನು ಹಿಂದಿನ ಕವರ್ ಬಿಚ್ಚಲೇ ಇಲ್ಲ. ಟಿವಿ ಆನ್ ಮಾಡಿ, ಸದ್ದು ಕೇಳಿ, "ಪ್ಯಾನೆಲ್ ಹೋಗಿದೆ ಅಮ್ಮ, ವರ್ಕ್‌ಶಾಪಿಗೆ ತಗೊಂಡು ಹೋಗ್ಬೇಕು" ಅಂದ. ವಿಸಿಟಿಂಗ್ ಚಾರ್ಜ್ 450, ಅಡ್ವಾನ್ಸ್ 2,000, ಎರಡೂ ಯುಪಿಐ. ಕೊಟ್ಟ ಚೀಟಿಯಲ್ಲಿ 'ಟಿವಿ 1, ಡಿಸ್‌ಪ್ಲೇ ಇಲ್ಲ' ಅಂತ ಬಿಟ್ಟರೆ ಮಾಡೆಲ್ ನಂಬರೂ ಇಲ್ಲ, ಸೀರಿಯಲ್ ನಂಬರೂ ಇಲ್ಲ. ಆಮೇಲೆ ಫೋನ್ ಬಂತು: ಹೊಸ ಪ್ಯಾನೆಲ್ ಹಾಕಬೇಕು, 11,500 ಆಗುತ್ತೆ. ಆ ದುಡ್ಡಿಗೆ ಹೊಸ ಟಿವಿಯೇ ಬರುತ್ತದಲ್ಲ! ಬೇಡ ಅಂದಿದ್ದಕ್ಕೆ ಅಡ್ವಾನ್ಸ್ ಪೂರ್ತಿ ಚೆಕಿಂಗ್ ಚಾರ್ಜಿಗೆ ಮುರಿದುಕೊಂಡು ಸೆಟ್ ತಂದು ಹಾಲ್‌ನಲ್ಲಿ ಇಟ್ಟು ಹೋದರು. ಹೋಗುವಾಗ ಸದ್ದಾದರೂ ಬರುತ್ತಿತ್ತು. ಬಂದಮೇಲೆ ಕೆಂಪು ದೀಪವೂ ಹತ್ತಲಿಲ್ಲ.

ಬಸವೇಶ್ವರನಗರದಲ್ಲಿ ಪಿಕ್ಚರ್ ಟ್ಯೂಬ್ ಕಾಲದಿಂದ ಟಿವಿ ರಿಪೇರಿ ಮಾಡುತ್ತಿರುವ ಯಜಮಾನರೊಬ್ಬರಿದ್ದಾರೆ, ಅವರ ಹತ್ತಿರ ಹೊತ್ತುಕೊಂಡು ಹೋದೆ. ಕವರ್ ತೆಗೆದ ಕೂಡಲೇ ಅವರು ಮೇನ್ ಬೋರ್ಡಿನ ಮೇಲೆ ಬೆರಳಿಟ್ಟು, "ಇದು ಈ ಟಿವಿದಲ್ಲ ಸಾರ್" ಅಂದರು. ಬೋರ್ಡಿನ ಸ್ಕ್ರೂ ತೂತುಗಳಿಗೂ ಹಿಂದಿನ ತಗಡಿಗೂ ತಾಳೆಯೇ ಇರಲಿಲ್ಲ. ಒಂದೇ ಒಂದು ಸ್ಕ್ರೂ ಕೂತಿತ್ತು, ಉಳಿದ ಮೂಲೆಗಳಿಗೆ ಡಬಲ್ ಸೈಡ್ ಟೇಪ್ ಹಚ್ಚಿದ್ದರು. ಸ್ಟಿಕ್ಕರಿನಲ್ಲಿದ್ದದ್ದು ಬೇರೆ ಯಾವುದೋ 24 ಇಂಚಿನ ಸೆಟ್ಟಿನ ನಂಬರ್. ನಮ್ಮ ಒಳ್ಳೆ ಬೋರ್ಡ್ ಬಿಚ್ಚಿಕೊಂಡು ಸತ್ತ ಬೋರ್ಡ್ ಅಂಟಿಸಿ ಕಳಿಸಿದ್ದರು.

ಇನ್ನು ಪ್ಯಾನೆಲ್? ಅದಕ್ಕೆ ಏನೂ ಆಗಿರಲಿಲ್ಲ. ಎಲ್‌ಇಡಿ ಟಿವಿಯಲ್ಲಿ ಚಿತ್ರ ಮೂಡಿಸುವ ಗಾಜು, ಅಂದರೆ ಪ್ಯಾನೆಲ್, ಬೇರೆ, ಅದರ ಹಿಂದೆ ಬೆಳಕು ಕೊಡುವ ಬ್ಯಾಕ್‌ಲೈಟ್ ಪಟ್ಟಿಗಳು ಬೇರೆ. ಪಟ್ಟಿಯ ಬಲ್ಬುಗಳನ್ನು ಸಾಮಾನ್ಯವಾಗಿ ಸೀರಿಯಲ್ ಸೆಟ್ಟಿನ ದೀಪಗಳ ಥರ ಒಂದರ ಹಿಂದೆ ಒಂದು ಜೋಡಿಸಿರುತ್ತಾರೆ, ಒಂದು ಸುಟ್ಟರೆ ಇಡೀ ಸಾಲಿಗೆ ಕರೆಂಟ್ ಹೋಗುವುದಿಲ್ಲ. ಯಜಮಾನರು ಎಲ್‌ಇಡಿ ಟೆಸ್ಟರಿನ ಮೊನೆಯನ್ನು ಬಲ್ಬಿನಿಂದ ಬಲ್ಬಿಗೆ ಮುಟ್ಟಿಸುತ್ತಾ ಹೋದರು. ಬೆಳ್ಳಗೆ ಹತ್ತಿಕೊಳ್ಳುತ್ತಿದ್ದವುಗಳ ನಡುವೆ ಒಂದು ಮಾತ್ರ ಹತ್ತಲಿಲ್ಲ; ಅದರ ಹಳದಿ ಮೈ ಮೇಲೆ ಸಾಸಿವೆ ಕಾಳಿನಷ್ಟು ಕಪ್ಪು ಚುಕ್ಕೆ. ಎಸ್‌.ಪಿ. ರೋಡಿನಿಂದ ತಂದ ಪೂರ್ತಿ ಪಟ್ಟಿ ಸೆಟ್ಟಿಗೆ 700 ರೂಪಾಯಿ ಆಯಿತು. ಸುಟ್ಟ ಒಂದನ್ನಷ್ಟೇ ಬದಲಾಯಿಸಿದರೆ ಸಾಲದೇ ಅಂದಿದ್ದಕ್ಕೆ, ಮಿಕ್ಕವಕ್ಕೂ ಅಷ್ಟೇ ವಯಸ್ಸಾಗಿದೆ, ಮತ್ತೆ ಬರ್ತೀರ ಅಂದರು. ಕಳುವಾದ ಬೋರ್ಡಿನ ಜಾಗಕ್ಕೆ ಯೂನಿವರ್ಸಲ್ ಬೋರ್ಡ್ ಹಾಕಿಸಲು ಮಾತ್ರ ಇನ್ನೂ 1,800 ಕೊಡಬೇಕಾಯಿತು. ರಿಮೋಟೂ ಬೇರೆಯಾಯಿತು, ಅದರ ಬಟನ್ ದೊಡ್ಡಮ್ಮನಿಗೆ ಇನ್ನೂ ರೂಢಿಯಾಗಿಲ್ಲ.

ಪ್ಯಾನೆಲ್ ಹೋಗಿದೆ ಅಂತ ಯಾರಾದರೂ ಹೇಳಿದರೆ, ಕವರ್ ಮುಟ್ಟದೆ ನೀವೇ ಮಾಡಬಹುದಾದ ಒಂದು ಪರೀಕ್ಷೆ ಇದೆ. ರಾತ್ರಿ ಕೋಣೆಯ ದೀಪ ಆರಿಸಿ, ಟಿವಿ ಆನ್ ಮಾಡಿ, ಮೊಬೈಲ್ ಟಾರ್ಚನ್ನು ಪರದೆಗೆ ತೀರಾ ಹತ್ತಿರ ಓರೆಯಾಗಿ ಹಿಡಿಯಿರಿ. ಟಾರ್ಚ್ ಬಿದ್ದ ಕಡೆ ಮುಖಗಳೋ ಅಕ್ಷರಗಳೋ ಮಂಕಾಗಿ ಓಡಾಡುವುದು ಕಂಡರೆ ಗಾಜು ಚೆನ್ನಾಗಿದೆ, ಹೋಗಿರುವುದು ಹಿಂದಿನ ಬೆಳಕು. ಪಟ್ಟಿ ಇಲ್ಲವೇ ಅದಕ್ಕೆ ಕರೆಂಟ್ ಕೊಡುವ ಭಾಗ, ಎರಡರಲ್ಲೊಂದು. ಚಿತ್ರ ಚೆನ್ನಾಗಿ ಬಂದು ಮೇಲಿಂದ ಕೆಳಕ್ಕೆ ಬಣ್ಣದ ಗೆರೆಗಳು ನಿಂತುಬಿಟ್ಟರೆ, ಅಥವಾ ಗಾಜು ಒಳಗೇ ಬಿರಿದಿದ್ದರೆ ಆ ಮಾತು ಬೇರೆ. ಅಂಥ ಸೆಟ್ಟಿಗೆ ಹೆಚ್ಚಾಗಿ ದುಡ್ಡು ಹಾಕದಿರುವುದೇ ವಾಸಿ.

ಕಂಪನಿಯ ನಿಜವಾದ ನಂಬರ್ ಟಿವಿ ಜೊತೆ ಬಂದ ಪುಸ್ತಕದಲ್ಲಿ ಇಲ್ಲವೇ ಅವರದೇ ವೆಬ್‌ಸೈಟಿನಲ್ಲಿ ಸಿಗುತ್ತದೆ. ಫೋನಿನಲ್ಲೇ ಓಟಿಪಿ ಕೇಳಿದರೆ, ಯಾವುದೋ ಆ್ಯಪ್ ಹಾಕಿಕೊಳ್ಳಿ ಅಂದರೆ ಇಟ್ಟುಬಿಡಿ. ದುಡ್ಡು ಹೋಗಿಯೇ ಬಿಟ್ಟಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಮನೆಗೆ ಬಂದವರು ಕವರನ್ನು ನಿಮ್ಮೆದುರಿಗೇ ಬಿಚ್ಚಲಿ. ಒಳಗಿನ ಪ್ರತಿ ಬೋರ್ಡಿನ ಸ್ಟಿಕ್ಕರ್ ಓದಲು ಬರುವ ಹಾಗೆ ಫೋಟೋ ತೆಗೆದುಕೊಳ್ಳಿ, ಆ ನಂಬರುಗಳನ್ನೇ ಚೀಟಿಯಲ್ಲಿ ಬರೆಸಿಕೊಳ್ಳಿ. ಬೋರ್ಡ್ ಬದಲಾಯಿಸಿದರೆ ಹಳೆಯದನ್ನು ವಾಪಸ್ ಕೇಳಿ. ಒಳ್ಳೆ ಮೆಕ್ಯಾನಿಕ್ ಇದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ, ನಮ್ಮ ಯಜಮಾನರು ತಾವೇ ಫೋಟೋ ತೆಗೆದುಕೊಳ್ಳಿ ಅಂದರು.

ಇಷ್ಟು ಓದಿ, 700 ರೂಪಾಯಿಯ ಪಟ್ಟಿ ತಾನೇ, ಯೂಟ್ಯೂಬ್ ನೋಡಿಕೊಂಡು ನಾವೇ ಹಾಕೋಣ ಅಂತ ಹೊರಡಬೇಡಿ. ಪಟ್ಟಿ ಮುಟ್ಟಬೇಕಾದರೆ ಮೊದಲು ಗಾಜನ್ನು ಎತ್ತಿಡಬೇಕು. ಅದರ ಅಂಚಿಗೆ ಕಾಗದದಷ್ಟು ತೆಳ್ಳಗಿನ ರಿಬ್ಬನ್‌ಗಳು ಅಂಟಿರುತ್ತವೆ, ಸ್ವಲ್ಪ ತಿರುಚಿದರೆ ಆಗ ನಿಜವಾಗಿಯೂ ಪ್ಯಾನೆಲ್ ಹೋಗುತ್ತದೆ. ಪವರ್ ಬೋರ್ಡಿನ ದೊಡ್ಡ ಕೆಪಾಸಿಟರಿನಲ್ಲಿ ಮುನ್ನೂರು ವೋಲ್ಟಿಗೂ ಮೇಲೆ ಡಿಸಿ ಇರುತ್ತದೆ, ಪ್ಲಗ್ ಕಿತ್ತಮೇಲೂ ಸ್ವಲ್ಪ ಹೊತ್ತು ಉಳಿದಿರಬಹುದು. ಅಟ್ಟದ ಮೇಲೆ ಡಬ್ಬಾ ಟಿವಿ ಇಟ್ಟುಕೊಂಡಿರುವವರಂತೂ ಅದರ ಹಿಂಭಾಗ ತೆಗೆಯಲೇಬೇಡಿ. ಕಲರ್ ಪಿಕ್ಚರ್ ಟ್ಯೂಬಿಗೆ ಎಲ್‌ಓಟಿ ಎಂಬ ಹೈ ವೋಲ್ಟೇಜ್ ಟ್ರಾನ್ಸ್‌ಫಾರ್ಮರಿನಿಂದ ಹೋಗುವುದು ಇಪ್ಪತ್ತು ಸಾವಿರ ವೋಲ್ಟಿನ ಆಸುಪಾಸು, ಆ ಗಾಜಿನ ಬುರುಡೆಯೇ ಕೆಪಾಸಿಟರಿನಂತೆ ಚಾರ್ಜ್ ಹಿಡಿದಿಟ್ಟುಕೊಳ್ಳುತ್ತದೆ. ಟ್ಯೂಬಿನ ಒಳಗೆ ಗಾಳಿ ಇಲ್ಲದ ಕಾರಣ ಹಿಂದಿನ ಕತ್ತು ಮುರಿದರೆ ಗಾಜು ಚೂರಾಗಿ ಸಿಡಿಯಲೂಬಹುದು.

ಬೆಳಕು ಬಂದಮೇಲೆ ಯಜಮಾನರು ಸೆಟ್ಟಿಂಗ್ಸಿಗೆ ಹೋಗಿ ಬ್ಯಾಕ್‌ಲೈಟನ್ನು ನೂರರಿಂದ ಅರವತ್ತಕ್ಕೆ ಇಳಿಸಿದರು. ಬಲ್ಬು ಸುಡುವುದು ಬಿಸಿಗೆ, ಮನೆಯೊಳಗೆ ಅಷ್ಟು ಬೆಳಕು ಧಾರಾಳವಾಯಿತು ಅಂದರು. ಇದನ್ನಂತೂ ಇವತ್ತೇ ಮಾಡಿಕೊಳ್ಳಿ, ಖರ್ಚಿಲ್ಲ.

ಗ್ರಾಹಕರ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇವೆ. ಕೈಯಲ್ಲಿರುವುದು ಆ ಅರೆಬರೆ ಚೀಟಿ, ಕರೆಗಳ ಪಟ್ಟಿ ಮತ್ತು ಯುಪಿಐ ರಸೀದಿ. ರಸೀದಿಯಲ್ಲಿರುವುದು ಅಂಗಡಿಯ ಹೆಸರಲ್ಲ, ಯಾರೋ ಒಬ್ಬರ ಸ್ವಂತ ಖಾತೆಯ ಹೆಸರು. ಬೋರ್ಡ್ ನಮ್ಮದೇ ಆಗಿತ್ತು ಅನ್ನುವುದಕ್ಕೆ ನಮ್ಮ ಹತ್ತಿರ ಫೋಟೋ ಇಲ್ಲ. ಸತ್ತ ಬೋರ್ಡನ್ನು ಎಸೆಯದೆ ಕವರಿಗೆ ಹಾಕಿ ಇಟ್ಟಿದ್ದೇನೆ, ದೂರಿನ ವಿಚಾರಣೆಗೆ ಕರೆದರೆ ಅದನ್ನೇ ತೋರಿಸಬೇಕು.